ನಡುಮನೆಯ ಹುಲ್ಲಿನ ಗಾಡಿ

ನಾನು ಐದನೆಯ ತರಗತಿಗೆ ಹೋದ ವರ್ಷ ನಮ್ಮ ನಡುಮನೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರವೊಂದು ಬಂದು ನಿಂತಿತು. ಮನುಷ್ಯ ಕೂತು ಓಡಿಸುವ ಯಂತ್ರ. ಮುಂದೆ ಉರುಳೆಯಂತೆ ತಿರುಗುವ ಬ್ಲೇಡುಗಳು, ಅದರ ಹಿಂದೆ ಎಂಜಿನ್ನು, ಎಲ್ಲಕ್ಕಿಂತ ಹಿಂದೆ ಒಂದು ಸಣ್ಣ ರೋಲರಿನ ಮೇಲೆ ತಗಡಿನ ಸೀಟು. ಕಾಲೊನಿಯವರು ಅದನ್ನು ಹುಲ್ಲಿನ ಗಾಡಿ ಎನ್ನುತ್ತಿದ್ದರು. ಲಕ್ಕವಳ್ಳಿಯಲ್ಲಿ ಅಣೆಕಟ್ಟಿನ ಕೆಲಸಗಾರರಿಗೆಂದು ಕಟ್ಟಿದ ಸಾಲುಮನೆಗಳಲ್ಲಿ ನಮ್ಮದು ಕೊನೆಯದು. ನಡುಮನೆ, ಒಂದು ಕೋಣೆ, ಅಡುಗೆಮನೆ, ಹಿಂದೆ ಬಚ್ಚಲು, ಬಚ್ಚಲ ಆಚೆ ಗರಿಕೆ ಬೆಳೆದ ಹಿತ್ತಿಲು. ಗಾಡಿ ಬಂದ ಮೇಲೆ ನಡುಮನೆಯಲ್ಲಿ ಉಳಿದದ್ದು ಒಂದು ಚಾಪೆ ಹಾಸುವಷ್ಟು ಜಾಗ. ಅದರ ಮೇಲೆ ನಾನು ಮಲಗುತ್ತಿದ್ದೆ. ಬೆಳಿಗ್ಗೆ ಎದ್ದಾಗ ಕೂದಲಿನಲ್ಲಿ ಗ್ರೀಸಿನ ವಾಸನೆ ಇರುತ್ತಿತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಒಂದು ವಾರ ಸಹಿಸಿಕೊಂಡು ಆಮೇಲೆ ಜಾಗ ಬದಲಾಯಿಸಿದಳು.

ಆ ಗಾಡಿಯನ್ನು ಅಪ್ಪ ನೀರಾವರಿ ಇಲಾಖೆಯ ಬಂಗಲೆಯ ತೋಟದಲ್ಲಿ ಎಷ್ಟೋ ವರ್ಷ ಓಡಿಸಿದ್ದ. ಬಿಳಿ ಟೋಪಿ ಹಾಕಿಕೊಂಡು ಸೀಟಿನ ಮೇಲೆ ಕೂತು, ಹಸುರು ಹಾಸಿನ ಈ ತುದಿಯಿಂದ ಆ ತುದಿಗೆ ಗೆರೆ ಎಳೆದ ಹಾಗೆ ಹೋಗಿ ಬರುತ್ತಿದ್ದ. ನನಗೆ ಎಂಟು ವರ್ಷವಾಗಿದ್ದಾಗ ಅವನಿಗೆ ಜ್ವರ ಬಂತು. ಹದಿನೈದು ದಿನ ಮೈ ಸುಟ್ಟ ಜ್ವರ ಬಿಟ್ಟಾಗ ಎರಡು ಕಿವಿಯೂ ಕೇಳಿಸುತ್ತಿರಲಿಲ್ಲ. ಎದ್ದು ಕೂತ ಮೊದಲ ದಿನ ಅವನು ಅವ್ವನನ್ನೂ ನನ್ನನ್ನೂ ನೋಡಿ ಕೇಳಿದ್ದು ಇಷ್ಟು:

"ಯಾಕೆ ಇಬ್ರೂ ಪಿಸಪಿಸ ಅಂತೀರಿ? ಯಾರು ಮಲಗವ್ರೆ?"

ಕಿವಿ ಹೋಯಿತೆಂದು ಅವನು ಮೇಲಿನವರಿಗೆ ಹೇಳಲಿಲ್ಲ. ಎರಡು ತಿಂಗಳು ಹಾಗೆಯೇ ಗಾಡಿ ಓಡಿಸಿದ. ಒಂದು ದಿನ ಎಂಜಿನ್ನಿನಲ್ಲಿ ಆಯಿಲ್ ಬತ್ತಿ ಒಳಗೆ ಕಬ್ಬಿಣ ಕಬ್ಬಿಣಕ್ಕೆ ಬಡಿಯತೊಡಗಿತು. ಆ ಸದ್ದು ಬಂಗಲೆಯ ಗೇಟಿನವರೆಗೂ ಕೇಳಿಸಿತಂತೆ. ಅದರ ಮೇಲೆ ಕೂತಿದ್ದವನಿಗೆ ಕೇಳಿಸಲಿಲ್ಲ. ಮಾಲಿ ಓಡಿ ಬಂದು ಅವನ ಭುಜ ಹಿಡಿಯುವ ಹೊತ್ತಿಗೆ ಒಳಗಿನ ರಾಡು ಮುರಿದು ಎಂಜಿನ್ನಿನ ಹೊಟ್ಟೆಯನ್ನೇ ಒಡೆದುಕೊಂಡು ಹೊರಗೆ ಬಂದಿತ್ತು. ಆವತ್ತು ಎಲ್ಲರಿಗೂ ವಿಷಯ ತಿಳಿಯಿತು. ಕೆಲಸ ಹೋಗಲಿಲ್ಲ. ಇಲಾಖೆಯ ಸ್ಟೋರಿನ ಮುಂದೆ ಒಂದು ಬೆಂಚಿತ್ತು. ದಿನವೂ ಬಂದು ಅದರ ಮೇಲೆ ಕೂತು ಹೋಗು ಎಂದರು. ಅಪ್ಪ ಒಂದು ವರ್ಷಕ್ಕೂ ಹೆಚ್ಚು ಆ ಬೆಂಚಿನ ಮೇಲೆ ಕೂತ. ಗಾಡಿಯನ್ನು ಗುಜರಿಗೆ ಹಾಕಿದಾಗ, ಅದನ್ನು ಕೊಂಡ ಗುಜರಿಯವನ ಹಿಂದೆ ಹೋಗಿ ತನ್ನ ಸೈಕಲ್ ಕೊಟ್ಟು ಗಾಡಿಯನ್ನು ಬದಲಿಗೆ ತಂದ. ನಾಲ್ಕು ಜನ ಸೇರಿ ಅದನ್ನು ನಮ್ಮ ಬಾಗಿಲು ದಾಟಿಸಿದರು. ಹೊಸಲಿನ ಒಂದು ಮೂಲೆ ಕಿತ್ತುಹೋಯಿತು.

ಸೈಕಲ್ ಹೋದದ್ದನ್ನು ಅವ್ವ ಕ್ಷಮಿಸಲಿಲ್ಲ. ವಾರಕ್ಕೊಮ್ಮೆ ಸಂತೆಗೆ ಅವ್ವನನ್ನು ಹಿಂದೆ ಕೂರಿಸಿಕೊಂಡು ಅಪ್ಪ ಹೋಗುತ್ತಿದ್ದದ್ದು ಅದೇ ಸೈಕಲ್ಲಿನಲ್ಲಿ. ಕಿವಿ ಹೋದ ಮೇಲೂ ಅದೊಂದು ಮಾತ್ರ ನಿಂತಿರಲಿಲ್ಲ. ಸೈಕಲ್ ಮೇಲೆ ಗಂಡನ ಬೆನ್ನ ಹಿಂದೆ ಕೂತಾಗ ಮಾತಾಡದಿದ್ದರೂ ನಡೆಯುತ್ತದೆ, ಅದಕ್ಕೆ ಅವಳಿಗೆ ಅದು ಹಿಡಿಸುತ್ತಿತ್ತೇನೋ. ಮನೆಯೊಳಗೆ ಮಾತೇ ಕಷ್ಟವಾಗಿತ್ತು. ಅಪ್ಪ ಮೊದಲಿನಂತೆಯೇ ಬಾಯಿಬಿಟ್ಟು ಮಾತಾಡುತ್ತಿದ್ದ, ಸ್ವಲ್ಪ ಜೋರಾಗಿ. ಅವನಿಗೆ ಏನಾದರೂ ಹೇಳಬೇಕಾದರೆ ಬರೆದು ತೋರಿಸಬೇಕಿತ್ತು. ತುಟಿ ನೋಡಿ ತಿಳಿಯುವುದು ಅವನಿಗೆ ಕೊನೆಯವರೆಗೂ ಹತ್ತಲಿಲ್ಲ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಕೂಗಿದರೆ ಅಪ್ಪನಿಗೆ ಬಿಟ್ಟು ಸಾಲಿನ ಹತ್ತು ಮನೆಗಳಿಗೂ ಕೇಳಿಸುತ್ತಿತ್ತು. ಹೀಗಾಗಿ ಅವ್ವನ ಮಾತು ಅಪ್ಪನಿಗೆ ತಲುಪಬೇಕಾದರೆ ನನ್ನ ಶಾಲೆಯ ಸ್ಲೇಟಿನ ಮೇಲೇ ತಲುಪಬೇಕಿತ್ತು. ಅವಳು ಒಲೆಯ ಮುಂದೆ ಕೂತು, ನನ್ನ ಕಡೆ ತಿರುಗದೆ, "ಬರಿ ಹಂಗಂತ" ಎನ್ನುತ್ತಿದ್ದಳು. ನಾನು ಬರೆದು ಅಪ್ಪನ ಮುಂದೆ ಹಿಡಿಯುತ್ತಿದ್ದೆ. ಅಪ್ಪ ಓದಿ ಅವ್ವನಿಗೆ ಕೇಳುವಂತೆ ಉತ್ತರ ಹೇಳುತ್ತಿದ್ದ. ಗಂಡ ಹೆಂಡತಿಯ ನಡುವಿನ ಮಾತೆಲ್ಲ ಹತ್ತು ವರ್ಷದ ನನ್ನ ಕೈಯ ಮೇಲೆ ಹಾದು ಹೋಗುತ್ತಿತ್ತು.

ಗಾಡಿ ಬಂದ ವಾರ ಅವ್ವ ಹೇಳಿದಳು:

"ಆ ಕಬ್ಬಿಣದ ಹೆಣ ಮನೆಯಿಂದ ಆಚೆಗೆ ಹೋಗ್ಲಿ ಅಂತ ಬರಿ. ನಂಗೆ ಸೌದೆ ಇಡಕ್ಕೆ ಜಾಗ ಇಲ್ಲ."

ಸ್ಲೇಟು ತೊಡೆಯ ಮೇಲಿಟ್ಟುಕೊಂಡು ನಾನು ಯೋಚಿಸಿದೆ. ಅಪ್ಪ ಆಗತಾನೆ ಗಾಡಿಯ ಚೈನನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯ ಮೇಲೆ ಹರಡುತ್ತಿದ್ದ. ಒಂದು ವರ್ಷದಲ್ಲಿ ಮೊದಲ ಸಲ ಅವನು ತನ್ನಷ್ಟಕ್ಕೆ ಗುನುಗುತ್ತಿದ್ದ, ರಾಗ ಎಲ್ಲೆಲ್ಲೋ ಹೋಗುತ್ತಿತ್ತು. ಹೆಣ ಎಂದು ಬರೆಯಲು ನನಗೆ ಕೈ ಬರಲಿಲ್ಲ. "ಗಾಡಿ ಯಾವಾಗ ರಿಪೇರಿ ಆಗುತ್ತೆ ಅಂತ ಅವ್ವ ಕೇಳ್ತಾಳೆ" ಎಂದು ಬರೆದೆ. ಅಪ್ಪನ ಮುಖ ಅರಳಿತು. ಅಡುಗೆಮನೆಯ ಕಡೆ ತಿರುಗಿ ಜೋರಾಗಿ ಹೇಳಿದ:

"ಇನ್ನೇನು, ದೀಪಾವಳಿಗೆ ಓಡುತ್ತೆ ನೋಡ್ತಿರು."

ಗಾಡಿಯನ್ನು ಆಚೆ ಹಾಕು ಎಂದವಳಿಗೆ ಈ ಉತ್ತರ ಬಂದಿತು. ಅವ್ವ ಸೌಟನ್ನು ಪಾತ್ರೆಯೊಳಕ್ಕೆ ಎಸೆದಳು. ಅದು ಅಪ್ಪನಿಗೆ ಕೇಳಿಸಲಿಲ್ಲ. ಮನೆಯಲ್ಲಿ ಜಗಳವಾಗಲಿಲ್ಲವೆಂದು ನಾನು ಸಮಾಧಾನಪಟ್ಟುಕೊಂಡೆ. ಅದೇ ನನಗೆ ರೂಢಿಯಾಯಿತು. ಅವ್ವನ ಮಾತಿನಲ್ಲಿರುವ ಮುಳ್ಳನ್ನು ಕಿತ್ತು ಉಳಿದದ್ದನ್ನು ಬರೆಯುತ್ತಿದ್ದೆ. ಏನೂ ಉಳಿಯದಿದ್ದರೆ ನಾನೇ ಏನಾದರೂ ಸೇರಿಸುತ್ತಿದ್ದೆ. ಇಬ್ಬರನ್ನೂ ಕಾಪಾಡುತ್ತಿದ್ದೇನೆ ಎಂಬ ಒಂದು ಗರ್ವವೂ ನನಗಿತ್ತು. ಕೆಲವು ದಿನ ಅವ್ವ ನನ್ನನ್ನು ಕೂಗುವ ಮೊದಲೇ ಅವಳು ಏನು ಹೇಳಬಹುದು, ಅದನ್ನು ಹೇಗೆ ತಿರುಗಿಸಬೇಕು ಎಂದು ಲೆಕ್ಕ ಹಾಕಿಕೊಂಡಿರುತ್ತಿದ್ದೆ. ಆಟಕ್ಕೆ ಹೋಗುವುದು ಕಡಿಮೆಯಾಯಿತು. ನಾನಿಲ್ಲದ ಹೊತ್ತಿನಲ್ಲಿ ಅವರಿಬ್ಬರೇ ಇದ್ದರೆ ಏನಾಗಿಬಿಡುತ್ತದೋ ಎಂದು ಶಾಲೆ ಬಿಟ್ಟ ಕೂಡಲೇ ಓಡಿ ಬರುತ್ತಿದ್ದೆ. ಬಂದು ನೋಡಿದರೆ ಅವ್ವ ಅಡುಗೆಮನೆಯಲ್ಲಿ, ಅಪ್ಪ ನಡುಮನೆಯಲ್ಲಿ. ನಾನು ಇಬ್ಬರ ನಡುವಿನ ಬಾಗಿಲಲ್ಲಿ.

ಆಯುಧಪೂಜೆಯ ದಿನ ಅಪ್ಪ ಗಾಡಿಗೆ ವಿಭೂತಿ ಹಚ್ಚಿ, ಅವ್ವ ದೇವರಿಗೆಂದು ಕಟ್ಟಿಟ್ಟಿದ್ದ ಚೆಂಡುಹೂವಿನ ಹಾರವನ್ನು ಪೂರ್ತಿ ಅದರ ಸೀಟಿಗೆ ಸುತ್ತಿದ. ಅವ್ವ ಬಂದು ನೋಡಿದಳು.

"ಓಡದೇ ಇರೋದಕ್ಕೆ ಪೂಜೆ ಯಾಕೆ ಅಂತ ಬರಿ."

ನಾನು "ಹೂವು ಚೆನ್ನಾಗಿ ಕಾಣುತ್ತೆ ಅಂತಾಳೆ" ಎಂದು ಬರೆದೆ. ಅಪ್ಪ ನಗುತ್ತ ಅವಳನ್ನು ನೋಡಿದ.

"ಹಂಗಾರೆ ನೀನೇ ಬಂದು ಹಾಕ್ಬೇಕಿತ್ತು."

ಅವ್ವನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಕಂಡೆ. ಅವಳು ತಿರುಗಿ ಹೋದಳು. ಅದಾದ ಎರಡು ದಿನಕ್ಕೆ ನಾನು ಹೊರಗಿನಿಂದ ಬಂದಾಗ ಅವಳು ತಲೆ ಬಾಚಿ, ಹಸುರು ಸೀರೆ ಉಟ್ಟು, ಬಟ್ಟೆಯ ಗಂಟನ್ನು ಪಕ್ಕದಲ್ಲಿಟ್ಟುಕೊಂಡು ಕೋಣೆಯ ಹೊಸಲಲ್ಲಿ ಕೂತಿದ್ದಳು. ಅಪ್ಪ ಗಾಡಿಯ ಕೆಳಗೆ ಬೆನ್ನು ಕೊಟ್ಟು ಮಲಗಿದ್ದ. ಅವ್ವ ನನ್ನನ್ನು ಹತ್ತಿರ ಕರೆದಳು.

"ನೋಡು ಸುಶೀ, ಇದೊಂದು ಸರಿಯಾಗಿ ಬರಿ. ನಾನು ನಮ್ಮಣ್ಣನ ಮನೆಗೆ ಹೋಯ್ತಾ ಇದೀನಿ. ಈ ಮನೇಲಿ ಗೋಡೆ ಜೊತೆ ಬಾಳ್ವೆ ಮಾಡ್ದಂಗೆ ಆಗೈತೆ. ಇರು ಅಂತ ಒಂದು ಮಾತು ಅಂದ್ರೆ ಇರ್ತೀನಿ. ಇಲ್ಲಾಂದ್ರೆ ನಾನಾಗೇ ವಾಪಸ್ ಬರಲ್ಲ. ಅಷ್ಟು ಬರಿ."

ಸರಿಯಾಗಿ ಬರಿ ಎಂದು ಅವಳು ಅದುವರೆಗೆ ಯಾವತ್ತೂ ಹೇಳಿರಲಿಲ್ಲ. ಅವಳಿಗೆ ಅನುಮಾನ ಬಂದಿತ್ತೋ ಏನೋ, ಈಗ ಕೇಳುವುದಕ್ಕೆ ಅವಳಿಲ್ಲ. ಬಳಪ ಹಿಡಿದು ಕೂತವಳಿಗೆ ಆ ಮಾತಿನ ಭಾರ ಹೊತ್ತುಕೊಂಡು ಹೋಗಿ ಅಪ್ಪನ ಮುಂದೆ ಇಡುವುದು ಸಾಧ್ಯವೇ ಇಲ್ಲವೆನ್ನಿಸಿತು. ಅವನು ಇರು ಅನ್ನದಿದ್ದರೆ? ಸಿಟ್ಟು ಬಂದು ಹೋಗು ಅಂದುಬಿಟ್ಟರೆ? ಅವ್ವ ನಾಲ್ಕು ದಿನ ತವರಿಗೆ ಹೋಗಿ ಬಂದರೆ ತಣ್ಣಗಾಗುತ್ತಾಳೆ, ಹಿಂದೆಯೂ ಹಾಗೆ ಆಗಿತ್ತು. ನಾನು ಬರೆದದ್ದು: "ಅವ್ವ ಮಾವನ ಮನೆಗೆ ನಾಕು ದಿನ ಹೋಗಿ ಬರ್ತಾಳಂತೆ."

ಅಪ್ಪ ಗಾಡಿಯ ಕೆಳಗಿನಿಂದ ತಲೆ ಮಾತ್ರ ಹೊರಗೆ ಹಾಕಿ ಓದಿದ. ಕೈಯಲ್ಲಿ ಸ್ಪ್ಯಾನರ್ ಇತ್ತು. ಅವ್ವನ ಕಡೆ ನೋಡಿ ಅಕ್ಕರೆಯಿಂದಲೇ ಹೇಳಿದ:

"ಹೋಗ್ಬಾ, ಹೋಗ್ಬಾ. ಇಲ್ಲಿದ್ದೇನು ಮಾಡ್ತೀಯ."

ಅವ್ವ ಎದ್ದಳು. ಆಮೇಲೆ ಗಂಟು ಎತ್ತಿಕೊಂಡು, ನನ್ನ ತಲೆಯ ಮೇಲೆ ಕೈಯಿಟ್ಟು, ನಡುಮನೆಯಲ್ಲಿ ಗಾಡಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಸೀರೆ ಎತ್ತಿ ಹಿಡಿದು ದಾಟಿ ಹೋದಳು. ಬಸ್‌ಸ್ಟ್ಯಾಂಡಿನವರೆಗೆ ನಾನು ಹಿಂದೆ ಹಿಂದೆ ಹೋದೆ. ನೀನು ಶಾಲೆ ಬಿಡಬೇಡ ಎಂದಳು, ಅಷ್ಟೇ. ತರೀಕೆರೆಯ ಬಸ್ಸು ಬಂತು. ಅವಳು ಹತ್ತಿ ನನ್ನ ಕಡೆಯ ಕಿಟಕಿಯಲ್ಲಿ ಕೂರದೆ ಆ ಕಡೆ ಕೂತಳು.

ನಾಲ್ಕು ದಿನ ಕಳೆಯಿತು, ನಲವತ್ತು ಕಳೆಯಿತು. ಮಾವನ ಊರು ಅಜ್ಜಂಪುರದ ಆಚೆ, ಬುಕ್ಕಾಂಬುಧಿಯ ಪಕ್ಕ. ನಮ್ಮಲ್ಲಿಂದ ಎರಡು ಬಸ್ಸು ಬದಲಾಯಿಸಿ ಹೋಗಬೇಕು. ಅಲ್ಲಿಂದ ಸುದ್ದಿ ಬರಲಿಲ್ಲ. ಮೊದಲ ಕೆಲವು ದಿನ ಅಪ್ಪ ಸಂಜೆ ಬಸ್ಸಿನ ಹೊತ್ತಿಗೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದ, ಆಮೇಲೆ ನಿಲ್ಲಿಸಿದ. ಬೆಳಿಗ್ಗೆ ಅವನು ಮುದ್ದೆ ತೊಳಸುತ್ತಿದ್ದ, ನಾನು ಸಾರಿಗೆ ಹುರುಳಿ ಬೇಯಿಸುತ್ತಿದ್ದೆ. ಮುದ್ದೆಯಲ್ಲಿ ಹಿಟ್ಟಿನ ಗಂಟು ಉಳಿಯುತ್ತಿತ್ತು. ಪಕ್ಕದ ಮನೆಯ ಸರೋಜಕ್ಕ ಒಂದೊಂದು ದಿನ ಪಲ್ಯ ತಂದು ಕೊಟ್ಟು, ನಡುಮನೆಯ ಗಾಡಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಏನೂ ಕೇಳದೆ ಹೋಗುತ್ತಿದ್ದಳು. ಮನೆಯಲ್ಲಿ ಬರೆಯಬೇಕಾದ ಮಾತೇ ಇರಲಿಲ್ಲ. ಅವ್ವನ ಮಾತನ್ನು ಹಗಲೆಲ್ಲ ತಿದ್ದಿ ತಿದ್ದಿ ದಣಿದಿದ್ದ ನನಗೆ ಈಗ ತಿದ್ದಲು ಏನೂ ಸಿಗುತ್ತಿರಲಿಲ್ಲ. ಅವಳ ಒಂದು ಹಳೆಯ ಸೀರೆ ಬಟ್ಟೆ ಒಣಹಾಕುವ ಗಳುವಿನ ಮೇಲಿತ್ತು. ಯಾರೂ ಇಲ್ಲದಾಗ ಅದರ ಕೆಳಗೆ ಹೋಗಿ ನಿಲ್ಲುತ್ತಿದ್ದೆ.

ಅಪ್ಪ ಬೆಂಚಿನಿಂದ ಬಂದ ಕೂಡಲೆ ಗಾಡಿಯ ಮುಂದೆ ಕೂರುತ್ತಿದ್ದ. ನನಗೂ ಬೇರೆ ಜಾಗವಿರಲಿಲ್ಲ, ಪಕ್ಕದಲ್ಲಿ ಕೂತೆ. ಅವನು ಬಿಚ್ಚಿದ ಬೋಲ್ಟುಗಳನ್ನು ಯಾವುದು ಎಲ್ಲಿಯದು ಎಂದು ಮರೆಯದಂತೆ ಬೇರೆ ಬೇರೆ ತೆಂಗಿನ ಚಿಪ್ಪಿನಲ್ಲಿ ಹಾಕಿಡುವುದು ನನ್ನ ಕೆಲಸ. ಕತ್ತರಿಸುವ ಉರುಳೆಗೆ ತರಿತರಿಯಾದ ಗ್ರೈಂಡಿಂಗ್ ಪೇಸ್ಟ್ ಬಳಿದು ಹಿಂದುಮುಂದಾಗಿ ತಿರುಗಿಸುತ್ತ ಮಸೆಯುತ್ತಿದ್ದ. ಮಸೆದದ್ದು ಸಾಕೋ ಎಂದು ನೋಡಲು ನಾನು ನೋಟ್‌ಬುಕ್ಕಿನ ಹಾಳೆಯೊಂದನ್ನು ಬ್ಲೇಡಿಗೂ ಕೆಳಗಿನ ಪಟ್ಟಿಗೂ ನಡುವೆ ಹಿಡಿಯಬೇಕು. ಉರುಳೆ ಮೆಲ್ಲಗೆ ಸುತ್ತಿದಾಗ ಹಾಳೆ ಹರಿಯದೆ, ಮಡಚಿಕೊಳ್ಳದೆ, ಕತ್ತರಿಯಲ್ಲಿ ಕತ್ತರಿಸಿದಂತೆ ಬೀಳಬೇಕು. ಎರಡು ತಿಂಗಳು ಅದು ಮಡಚಿಕೊಳ್ಳುತ್ತಲೇ ಇತ್ತು. ಒಂದು ಭಾನುವಾರ ಕತ್ತರಿಸಿ ಬಿತ್ತು. ಅಪ್ಪ ಆ ತುಂಡನ್ನು ಎತ್ತಿ ಅದರ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ಜೇಬಿನಲ್ಲಿಟ್ಟುಕೊಂಡ.

ಎಂಜಿನ್ನು ಮಾತ್ರ ಕೈಗೆ ಹತ್ತುವಂತಿರಲಿಲ್ಲ. ಹೊಟ್ಟೆ ಒಡೆದ ಎಂಜಿನ್ನಿಗೆ ತೇಪೆ ಹಾಕಿದರೂ ಉಳಿಯದು, ಅದರ ಸಾಮಾನು ಎಲ್ಲೂ ಸಿಗದು ಎಂದು ತರೀಕೆರೆಯ ವೆಲ್ಡಿಂಗಿನವನು ಬರೆದು ತೋರಿಸಿದ. ಬೇರೆ ಎಂಜಿನ್ನನ್ನೇ ಕೂರಿಸಬೇಕು. ಅಪ್ಪನಿಗೆ ಆಗ ನೆನಪಾದದ್ದು ಮಾವನ ತೋಟದ ಸೀಮೆಎಣ್ಣೆ ಎಂಜಿನ್ನು. ಬಾವಿಗೆ ಕರೆಂಟಿನ ಮೋಟಾರು ಹಾಕಿಸಿದ ಮೇಲೆ ಮಾವ ಅದನ್ನು ಪಂಪಿನ ಮನೆಯ ಮೂಲೆಗೆ ತಳ್ಳಿದ್ದ. ಸಂಕ್ರಾಂತಿ ಕಳೆದ ಮೇಲೆ ಅಪ್ಪ ನನಗೆ ಒಗೆದ ಲಂಗ ಹಾಕಿಸಿದ.

"ನಡಿ, ನಿಮ್ಮ ಮಾವನ್ನ ಕೇಳಣ. ನಿಮ್ಮವ್ವನ್ನೂ ನೋಡ್ದಂಗಾಯ್ತದೆ."

ಎರಡನೆಯ ಮಾತನ್ನು ಅವನು ನನ್ನ ಕಡೆ ನೋಡದೆ ಹೇಳಿದ.

ಮಾವನ ಮನೆ ತಲುಪಿದಾಗ ಅಂಗಳದಲ್ಲಿ ಕೊಬ್ಬರಿ ಹರಡಿದ್ದರು. ಮಾವ ಅವ್ವನ ಅಣ್ಣ, ಮಾತು ಒರಟಾದರೂ ಮನಸ್ಸು ಒಳ್ಳೆಯದಿದ್ದ ಮನುಷ್ಯ, ರುಜು ಹಾಕುವಷ್ಟೇ ಅಕ್ಷರ. ಜಗಲಿಯ ಮೇಲೆ ಕೂರಿಸಿದ. ಅತ್ತೆ ಕಾಫಿ ತಂದುಕೊಟ್ಟಳು. ಅವ್ವ ಹೊರಗೆ ಬರಲಿಲ್ಲ. ನಡುಬಾಗಿಲ ಮರೆಯಲ್ಲಿ ಹಸುರು ಸೀರೆಯ ಅಂಚು ನನಗೆ ಕಾಣಿಸುತ್ತಿತ್ತು. ಅಪ್ಪನೂ ಅದನ್ನು ಕಂಡಿರಬೇಕು, ಲೋಟ ಹಿಡಿದು ಅತ್ತಲೇ ನೋಡುತ್ತ ಕೂತಿದ್ದ. ಮಾವ ಗಂಟಲು ಸರಿಮಾಡಿಕೊಂಡು ನನಗೆ ಹೇಳಿದ:

"ಕೇಳು ಮಗ ನಿಮ್ಮಪ್ಪನ್ನ. ಹೆಂಡ್ತಿ ಕರ್ಕೊಂಡು ಹೋಗಕ್ಕೆ ಬಂದಿದೀಯ, ಇಲ್ಲಾ ಎಂಜಿನ್ ತಗೊಂಡು ಹೋಗಕ್ಕೆ ಬಂದಿದೀಯ ಅಂತ ಬರಿ."

ನಾನು ಸ್ಲೇಟು ತೆಗೆದೆ. ಅದನ್ನು ಹಾಗೆಯೇ ಬರೆದರೆ ಅಪ್ಪ, ನಾಲ್ಕು ದಿನ ಎಂದು ಬಂದವಳನ್ನು ಕರೆಯುವುದೇನು, ಅವಳೇ ಬರಬೇಕಲ್ಲ ಎನ್ನುತ್ತಾನೆ. ಯಾರು ನಾಲ್ಕು ದಿನ ಎಂದದ್ದು ಎಂದು ಅವ್ವ ಬಾಗಿಲ ಮರೆಯಿಂದ ಹೊರಗೆ ಬರುತ್ತಾಳೆ. ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ಅವ್ವ ಹೊರಟ ದಿನ ನಾನು ರೂಢಿಯಿಂದ ಬರೆದಿದ್ದೆ, ಇವತ್ತು ಹೆದರಿ ಬರೆದೆ. "ಎಂಜಿನ್ ತಗೊಂಡು ಹೋಗಕ್ಕೆ ಬಂದ್ರಾ ಅಂತ ಕೇಳ್ತಾರೆ."

"ಹೂಂ, ಅದಕ್ಕೇ ಬಂದಿದ್ದು ಭಾವ" ಎಂದ ಅಪ್ಪ.

ಬಾಗಿಲ ಮರೆಯ ಅಂಚು ಸರಿದು ಹೋಯಿತು. ಮಾವ ಎದ್ದು ಪಂಪಿನ ಮನೆಯ ಬೀಗದ ಕೈ ತಂದ. ನಾವು ಹೊರಡುವಾಗ ನಾನು ಒಳಗೆ ಹೋಗಿ ನೋಡಿದೆ. ಅವ್ವ ಹಿತ್ತಿಲ ಕಲ್ಲಿನ ಹತ್ತಿರ ನನಗೆ ಬೆನ್ನು ಮಾಡಿ ಬಟ್ಟೆ ಒಗೆಯುತ್ತಿದ್ದಳು. ಅವ್ವಾ ಎಂದೆ. ತಿರುಗಿ, ಒದ್ದೆ ಕೈಯಿಂದಲೇ ನನ್ನ ಮುಖ ಹಿಡಿದು, ಊಟ ಮಾಡ್ತಿದೀಯಾ ಎಂದು ಕೇಳಿದಳು. ಹೂಂ ಎಂದೆ. ನಾಲ್ಕು ದಿನ ಎಂದು ಬರೆದದ್ದು ನಾನು ಎಂದು ಹೇಳಲು ಬಾಯಿ ತೆರೆದೆ. ಹೊರಗೆ ಎಂಜಿನ್ನನ್ನು ಕೊಬ್ಬರಿ ಚೀಲಗಳ ಲಾರಿಗೆ ಎತ್ತುತ್ತ ಅಪ್ಪ ನನ್ನ ಹೆಸರು ಕೂಗಿದ. ನಾನು ಓಡಿದೆ.

ಹೊಸ ಎಂಜಿನ್ನಿನ ಕಾಲಿನ ತೂತುಗಳು ಗಾಡಿಯ ಚೌಕಟ್ಟಿಗೆ ಕೂಡಲಿಲ್ಲ. ಅಪ್ಪ ರಟ್ಟಿನ ಮೇಲೆ ಅಳತೆ ಬರೆದುಕೊಂಡು ತರೀಕೆರೆಗೆ ಹೋಗಿ ದಪ್ಪ ತಗಡಿನ ಹಲಗೆಯೊಂದನ್ನು ಕೊರೆಸಿ ತಂದ. ಪಂಪು ಕಳಚಿದ ಜಾಗಕ್ಕೆ ಬೆಲ್ಟು ಹಾಯುವ ಪುಲ್ಲಿ ಹಾಕಿದ. ಎರಡು ಪುಲ್ಲಿ ನೇರವಿವೆಯೋ ಎಂದು ನನ್ನ ಕೈಗೆ ದಾರದ ಒಂದು ತುದಿ ಕೊಟ್ಟು, ಒಂದು ಕಣ್ಣು ಮುಚ್ಚಿ ಎಷ್ಟೋ ಹೊತ್ತು ನೋಡುತ್ತಿದ್ದ. ಎಲ್ಲ ಸೇರಿಸಿ ಹಿತ್ತಿಲಿಗೆ ಇಳಿಸಿ ಮೊದಲ ಸಲ ಹಗ್ಗ ಎಳೆದಾಗ, ಎಂಜಿನ್ನು ಹತ್ತಿಕೊಂಡಿತು, ಗಾಡಿ ಹಿಂದಕ್ಕೆ ನಡೆಯಿತು. ಬಚ್ಚಲ ಗೋಡೆಗೆ ಹೋಗಿ ಗುದ್ದಿ ನಿಂತಿತು. ಹಳೆಯ ಎಂಜಿನ್ನು ತಿರುಗುವ ದಿಕ್ಕು ಒಂದು, ಇದರದು ಇನ್ನೊಂದು. ಸಾಲಿನವರು ಬೇಲಿಯ ಆಚೆ ನಿಂತು ನಕ್ಕರು. ಅಪ್ಪನಿಗೆ ನಗು ಕೇಳಿಸದಿದ್ದರೂ ಬಾಯಿಗಳು ಕಂಡವು. ಎರಡು ದಿನ ಅವನು ಸುಮ್ಮನೆ ಮಂಡಿಯ ಮೇಲೆ ಗದ್ದವಿಟ್ಟು ಕೂತ. ಮೂರನೆಯ ದಿನ ಎದ್ದು, ಎಂಜಿನ್ನನ್ನು ಬಿಚ್ಚಿ, ಬಲಕ್ಕಿದ್ದದ್ದು ಎಡಕ್ಕೆ ಬರುವಂತೆ ತಿರುಗಿಸಿ ಕೂರಿಸಿದ. ಪುಲ್ಲಿಯನ್ನು ಆ ಬದಿಗೆ ಹಾಕಿಸಲು ಮತ್ತೊಮ್ಮೆ ತರೀಕೆರೆಗೆ ಹೋಗಿ ಬಂದ.

ಆ ಮಧ್ಯಾಹ್ನ ಬಿಸಿಲು ಜೋರಾಗಿತ್ತು. ಪೆಟ್ರೋಲಿನಲ್ಲಿ ಹತ್ತಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ತಿರುಗಿಸುವ ಹೊತ್ತನ್ನು ಸದ್ದಿನಲ್ಲೇ ಹಿಡಿಯಬೇಕು. ಅಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತನ್ನ ತೋಳನ್ನು ಚಾಚಿದ. ಎಂಜಿನ್ನು ಹೇಗೆ ಬಡಿಯುತ್ತದೋ ಹಾಗೆ ನಾನು ಅವನ ತೋಳಿನ ಮೇಲೆ ಬೆರಳಲ್ಲಿ ಬಡಿಯಬೇಕು. ಬಡಿದೆ. ಅದು ತಪ್ಪಿದಾಗ ನಾನೂ ತಪ್ಪಿಸಿದೆ. ಅವನು ಸ್ಕ್ರೂ ತಿರುಗಿಸಿದ. ಮತ್ತೆ ಬಡಿದೆ. ಸದ್ದು ಸಮವಾಯಿತು, ನನ್ನ ಬೆರಳೂ ಸಮವಾಯಿತು. ಸೀಮೆಎಣ್ಣೆಗೆ ತಿರುಗಿಸಿದ; ನಿಲ್ಲಲಿಲ್ಲ. ಅಪ್ಪ ಸೀಟಿನ ಮೇಲೆ ಕೂತು ಹಿಡಿಕೆ ಒತ್ತಿದ. ಗಾಡಿ ಮುಂದಕ್ಕೆ ನಡೆಯಿತು. ಹಿತ್ತಿಲ ಗರಿಕೆ ಒಂದು ಪಟ್ಟೆ ತೆಳ್ಳಗೆ ಕತ್ತರಿಸಿ ಬಿತ್ತು. ಬೇಲಿಯವರೆಗೆ ಹೋಗಿ, ನಿಲ್ಲಿಸಿ, ಇಳಿದು ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. ಬೆವರಿದ ಮುಖದಲ್ಲಿ ಸಂತೋಷ ಇತ್ತು, ಅದು ನಿಲ್ಲಲಿಲ್ಲ.

"ನಿಮ್ಮವ್ವ ಇದ್ದಿದ್ರೆ ಚೆನ್ನಾಗಿತ್ತು. ನಾಕು ದಿನ ಅಂತ ಸುಳ್ಳು ಹೇಳಿ ಹೋದ್ಲು. ಕಿವಿ ಇಲ್ದೋನ ಜೊತೆ ಎಷ್ಟು ದಿನ ಅಂತ ಇರ್ತಾಳೆ ಬಿಡು. ನಂಗೆ ನೀನೊಬ್ಳು ಇದೀಯ ಕಣವ್ವ. ನೀನು ಹೆಂಗೆ ಹೇಳ್ತೀಯೋ ಹಂಗೇ ನಾನು ನಂಬೋದು."

ನಾನು ಒಳಗೆ ಹೋಗಿ ಸ್ಲೇಟು ತಂದೆ. "ಅವ್ವ ಸುಳ್ಳು ಹೇಳಲಿಲ್ಲ. ನಾನು ಹೇಳಿದ್ದು" ಎಂದು ಬರೆದೆ. ಅವನು ಓದಿ ನನ್ನ ಮುಖ ನೋಡಿದ. ಅಳಿಸಿ, ಅವ್ವ ಆ ದಿನ ಹೇಳಿದ್ದನ್ನೆಲ್ಲ ಬರೆದೆ. ಸ್ಲೇಟು ಸಾಲದೆ ಎರಡು ಸಲವಾಯಿತು. ಮಾವ ಜಗಲಿಯಲ್ಲಿ ಕೇಳಿದ್ದನ್ನೂ ಬರೆದೆ. ಅಪ್ಪ ನನ್ನನ್ನು ಹೊಡೆಯುತ್ತಾನೆಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಕೇಳಿದ್ದು ಇಷ್ಟೇ:

"ಇನ್ನೂ ಏನೇನು ಅಂದಿದ್ಲು? ಎಲ್ಲಾ ಬರಿ."

ನಾನು ಬರೆದೆ. ಕಬ್ಬಿಣದ ಹೆಣ ಎಂದದ್ದು, ಸೌದೆಗೆ ಜಾಗವಿಲ್ಲ ಎಂದದ್ದು, ಓಡದ್ದಕ್ಕೆ ಪೂಜೆ ಯಾಕೆ ಎಂದದ್ದು, ಸೈಕಲ್ ಕೊಟ್ಟು ತನ್ನೊಬ್ಬಳನ್ನೇ ಸಂತೆಗೆ ನಡೆಸಿದ ಎಂದದ್ದು, ತನಗೆ ಯಾರ ಜೊತೆ ಮಾತು ಎಂದು ಕೇಳಿದ್ದು. ನೆನಪಾದಷ್ಟನ್ನೂ ಬರೆದೆ. ಒಂದೊಂದನ್ನೂ ಅವನು ಓದಿ, ಒದ್ದೆ ಬಟ್ಟೆಯಿಂದ ತಾನೇ ಒರೆಸಿ, ಸ್ಲೇಟನ್ನು ನನಗೆ ವಾಪಸು ಕೊಡುತ್ತಿದ್ದ. ಬಿಸಿಲು ಬಚ್ಚಲ ಗೋಡೆಯಿಂದ ಇಳಿದು ಹೋಯಿತು. ಮರುದಿನ ಬೆಳಿಗ್ಗೆ ನನ್ನನ್ನು ಸರೋಜಕ್ಕನ ಮನೆಯಲ್ಲಿ ಬಿಟ್ಟು ಒಬ್ಬನೇ ಬಸ್ಸು ಹತ್ತಿದ. ಸ್ಲೇಟು ತೆಗೆದುಕೊಂಡು ಹೋಗಲಿಲ್ಲ.

ಅಲ್ಲಿ ಏನಾಯಿತೆಂದು ನನಗೆ ಹೇಳಿದವಳು ಅತ್ತೆ, ಎಷ್ಟೋ ವರ್ಷದ ಮೇಲೆ. ಅಪ್ಪ ಅಂಗಳದಲ್ಲೇ ನಿಂತು ಅವ್ವನನ್ನು ಹೊರಗೆ ಕರೆದನಂತೆ. ಅವಳು ಬಂದು ಕಂಬಕ್ಕೆ ಒರಗಿ ನಿಂತಳು. ಅವನು ಅವಳ ಒಂದೊಂದು ಮಾತನ್ನೂ ಅವಳಿಗೇ ಹೇಳಿ, ಒಂದೊಂದಕ್ಕೂ ಉತ್ತರ ಕೊಟ್ಟನಂತೆ.

"ಸೌದೆಗೆ ಜಾಗ ಇಲ್ಲ ಅಂದ್ಯಂತೆ. ಗಾಡೀನ ಹಿತ್ತಿಲಿಗೆ ಹಾಕಿದೀನಿ. ಓಡದೇ ಇರೋದಕ್ಕೆ ಪೂಜೆ ಯಾಕೆ ಅಂದ್ಯಂತೆ. ನಾನೂ ಅಂಗೇ ಇದ್ನಲ್ಲ, ಅದಕ್ಕೇ ಮಾಡ್ದೆ. ಸೈಕಲ್ ಕೊಟ್ಟಿದ್ದು ತಪ್ಪು. ಯಾರ ಜೊತೆ ಮಾತಾಡ್ಲಿ ಅಂದ್ಯಂತೆ. ನನ್ ಜೊತೆ ಆಡು, ಹೆಂಗೋ ತಿಳ್ಕೋತೀನಿ. ಇರು ಅಂದ್ರೆ ಇರ್ತೀನಿ ಅಂದ್ಯಂತೆ. ನಂಗೆ ಗೊತ್ತಾಗಿದ್ದು ನೆನ್ನೆ. ಇರು. ಈಗ ಹೇಳ್ತಾ ಇದೀನಿ, ಇರು."

ಮಾವ ಒಳಗೆ ಎದ್ದು ಹೋದನಂತೆ. ಅವ್ವ ಅವತ್ತೇ ಹೊರಡಲಿಲ್ಲ. ನಾಲ್ಕು ದಿನ ಅವನನ್ನು ಅಲ್ಲೇ ಉಳಿಸಿಕೊಂಡು, ಉಣ್ಣಿಸಿ, ಐದನೆಯ ದಿನ ಜೊತೆಯಲ್ಲಿ ಬಂದಳು.

ಆ ನಾಲ್ಕು ದಿನ ನಾನು ರಾತ್ರಿ ಸರೋಜಕ್ಕನ ಮನೆಯಲ್ಲಿ ಮಲಗಿ, ಶಾಲೆ ಬಿಟ್ಟ ಮೇಲೆ ನಮ್ಮ ಮನೆಯ ಬಾಗಿಲು ತೆಗೆದು ಖಾಲಿ ನಡುಮನೆಯಲ್ಲಿ ಕೂರುತ್ತಿದ್ದೆ. ಗಾಡಿಯಿದ್ದ ಕಡೆ ನೆಲದಲ್ಲಿ ಎಣ್ಣೆಯ ಕಲೆ ಉಳಿದಿತ್ತು. ಅವ್ವ ಬಂದವಳು ಮೊದಲು ಅದನ್ನು ಬೂದಿ ಹಾಕಿ ಉಜ್ಜಿದಳು. ನನಗೆ ಎಣ್ಣೆ ಹಚ್ಚಿ ತಲೆ ಬಾಚಿದಳು. ಬೈಯಲಿಲ್ಲ. ನಾನು ಮಾಡಿದ್ದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಆದರೆ ಅವತ್ತಿನಿಂದ "ಬರಿ ಹಂಗಂತ" ಎಂದು ನನ್ನನ್ನು ಕರೆಯಲಿಲ್ಲ. ಅಪ್ಪನ ಭುಜ ತಟ್ಟಿ, ಕೈಯಲ್ಲಿ, ಕಣ್ಣಲ್ಲಿ, ಸಾಮಾನು ಎತ್ತಿ ತೋರಿಸಿ ಹೇಳುತ್ತಿದ್ದಳು. ಎಂಟು ದಿನದ ಮೇಲೆ ಅಡುಗೆ ಮುಗಿಸಿ ಬಂದು ಅಪ್ಪನ ಎದುರು ಕೂತು ನೆಲದ ಮೇಲೆ ಅಕ್ಷರ ಬರೆಯುವವಳಂತೆ ಬೆರಳಾಡಿಸಿದಳು. ಅಪ್ಪ ಅಕ್ಷರ ಕಲಿಸತೊಡಗಿದ. ಸಂಜೆ ಹೊತ್ತು ಅವರಿಬ್ಬರ ತಲೆಗಳು ಒಂದೇ ಸ್ಲೇಟಿನ ಮೇಲೆ ಬಾಗಿರುತ್ತಿದ್ದವು. ಅವಳು ತಪ್ಪು ಬರೆದರೆ ಅಪ್ಪ ಗಟ್ಟಿಯಾಗಿ ನಗುತ್ತಿದ್ದ, ಅವಳು ಅವನ ಕೈಗೆ ಹೊಡೆಯುತ್ತಿದ್ದಳು. ನಾನು ಹೊರಗೆ ಮೆಟ್ಟಿಲ ಮೇಲೆ ಕೂತು ಪಾಠ ಓದುತ್ತಿದ್ದೆ. ನನಗೆ ಸಂತೋಷವಾಗಬೇಕಿತ್ತು, ಆಗುತ್ತಲೂ ಇತ್ತು. ಆದರೂ ಯಾರಾದರೂ ಒಳಗಿನಿಂದ ನನ್ನನ್ನು ಕರೆಯಲಿ ಎಂದು ಕಾಯುತ್ತಿದ್ದೆ. ಕರೆಯುವ ಅಗತ್ಯ ಅವರಿಗಿರಲಿಲ್ಲ. ಎಲ್ಲರ ಮಾತನ್ನೂ ಕೇಳಿಸಿಕೊಂಡು ನನ್ನ ಮಾತನ್ನು ನುಂಗಿಕೊಳ್ಳುವ ಗುಣವೊಂದು ನನ್ನಲ್ಲಿದೆ, ನನ್ನ ಮಕ್ಕಳು ಅದನ್ನು ನನ್ನ ಬಿಗುಮಾನ ಎಂದುಕೊಂಡಿದ್ದಾರೆ. ಅದು ಆ ಮೆಟ್ಟಿಲ ಮೇಲೆ ಬಂದದ್ದು.

ಗಾಡಿ ಕೆಲಸಕ್ಕೆ ಬಂತು. ಶಾಲೆಯ ಆಟದ ದಿನಕ್ಕೆ ಮೊದಲು ಅಪ್ಪ ಮೇಷ್ಟರನ್ನು ಕೇಳಿಕೊಂಡು ಮೈದಾನದ ಹುಲ್ಲನ್ನೆಲ್ಲ ಕತ್ತರಿಸಿಕೊಟ್ಟ. ಇಲಾಖೆಯ ಎಂಜಿನಿಯರೊಬ್ಬರು ಜೀಪು ನಿಲ್ಲಿಸಿ ನೋಡಿದರಂತೆ. ಮುಂದಿನ ವಾರ ಅವನನ್ನು ಬೆಂಚಿನಿಂದ ಎಬ್ಬಿಸಿ ಬಂಗಲೆಯ ತೋಟಕ್ಕೆ ಕಳಿಸಿದರು. ನಿವೃತ್ತಿಯವರೆಗೂ ಅವನು ತನ್ನ ಗಾಡಿಯನ್ನೇ ಅಲ್ಲಿಗೆ ಓಡಿಸಿಕೊಂಡು ಹೋದ. ಆಯಿಲ್ ನೋಡುವ ಕಡ್ಡಿಯನ್ನು ದಿನಕ್ಕೆ ಮೂರು ಸಲ ಎತ್ತಿ ನೋಡುತ್ತಿದ್ದ.

ಏಳನೆಯ ತರಗತಿ ಮುಗಿದ ಮೇಲೆ ನನ್ನನ್ನು ಕಡೂರಿನ ಹಾಸ್ಟೆಲಿಗೆ ಸೇರಿಸಿದರು. ಅಲ್ಲಿ ನಲವತ್ತು ಹುಡುಗಿಯರು, ರಾತ್ರಿ ಎಂಟಕ್ಕೆ ಗಂಟೆ, ಸಾಲಾಗಿ ಕೂತು ಊಟ. ನನಗೆ ಯಾರ ಜೊತೆಯೂ ಮಾತು ಹೊರಡುತ್ತಿರಲಿಲ್ಲ. ಮೂರನೆಯ ವಾರ ನನ್ನ ಹೆಸರಿಗೆ ಒಂದು ಕಾರ್ಡು ಬಂತು. ವಿಳಾಸ ಅಪ್ಪನ ಅಕ್ಷರದಲ್ಲಿತ್ತು. ತಿರುಗಿಸಿದರೆ ಆ ಕಡೆ ಬರೆದಿದ್ದುದು ಅವ್ವ. ಪೆನ್ನು ಒತ್ತಿ ಒತ್ತಿ, ಒಂದೊಂದು ಅಕ್ಷರವನ್ನು ಹುಣಸೆ ಬೀಜದಷ್ಟು ದೊಡ್ಡದಾಗಿ, ಒತ್ತಕ್ಷರ ಬಿಟ್ಟು, ಎರಡೇ ಸಾಲು:

"ನಿನ ಮೇಲೆ ಸಿಟು ಇನೂ ಹೋಗಿಲ. ಮುದೆ ಬಿಸಿ ಇದಾಗ ಉಣು."

ಊಟದ ಗಂಟೆ ಹೊಡೆಯಿತು. ಹುಡುಗಿಯರೆಲ್ಲ ತಟ್ಟೆ ಹಿಡಿದು ಓಡಿದರು. ನಾನು ಕಾರ್ಡನ್ನು ಇನ್ನೊಮ್ಮೆ ಓದಿ, ಲಂಗದ ಮಡಿಕೆಗೆ ಸಿಕ್ಕಿಸಿಕೊಂಡು, ಎಲ್ಲರ ಹಿಂದೆ ಹೋಗಿ ಕೂತೆ. ಮುದ್ದೆ ಬಿಸಿಯಾಗಿತ್ತು. ಪಕ್ಕದಲ್ಲಿದ್ದ ಹುಡುಗಿ ಯಾಕೆ ಅಳ್ತಿದೀಯ ಎಂದು ಕೇಳಿದಳು. ಮೊದಲ ಸಲ ಆ ಹಾಸ್ಟೆಲಿನಲ್ಲಿ ಒಬ್ಬರು ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ನಮ್ಮವ್ವ ಕಾಗದ ಬರ್ದವ್ಳೆ."